ಹಳೇ ವ್ಯಾನು ರಸ್ತೆಯಲ್ಲಿ ಅಲೆಯುತ್ತಿದೆಯಾ? ಶಾಕಪ್ ಕೊಳ್ಳುವ ಮೊದಲು ಇಷ್ಟು ನೋಡಿ

ಹಳೇ ವ್ಯಾನು ರಸ್ತೆಯಲ್ಲಿ ನೆಟ್ಟಗೆ ಹೋಗುತ್ತಿಲ್ಲ ಅಂದ ತಕ್ಷಣ ಎಲ್ಲರ ಬಾಯಲ್ಲೂ ಬರುವ ಮಾತು ಒಂದೇ: "ಶಾಕಪ್ ಹೋಗಿರಬೇಕು." ನಾನೂ ಹಾಗೇ ಅಂದುಕೊಂಡೆ. (ಶಾಕಪ್ ಅಂದರೆ ಶಾಕ್ ಅಬ್ಸಾರ್ಬರ್, ಗುಂಡಿಗೆ ಎದ್ದ ಕುಣಿತವನ್ನು ತಡೆಯುವ ಭಾಗ.) ನಾಲ್ಕೂ ಶಾಕಪ್ ಬದಲಾಯಿಸಿ ಹೆದ್ದಾರಿಗೆ ಇಳಿದರೆ ವ್ಯಾನು ಮೊದಲಿನ ಹಾಗೇ ಹೊಯ್ದಾಡುತ್ತಿತ್ತು. ಕೊನೆಗೆ ಸಿಕ್ಕಿಬಿದ್ದ ಕಳ್ಳ ಯಾರು ಗೊತ್ತಾ? ಹಿಂದಿನ ಎಡಗಡೆ ಲೀಫ್ ಸ್ಪ್ರಿಂಗಿನ (ಒಂದರ ಮೇಲೊಂದು ಜೋಡಿಸಿದ ಉಕ್ಕಿನ ಪಟ್ಟಿಗಳ) ಮುಂದಿನ ಕಣ್ಣಿನಲ್ಲಿದ್ದ, ಅಂದರೆ ತುದಿಯ ಬಳೆಯಲ್ಲಿದ್ದ ಬುಷ್. ಮುಷ್ಟಿಯೊಳಗೆ ಅಡಗುವ ಒಂದು ರಬ್ಬರ್ ತುಂಡು. ಶಾಕಪ್‌ಗೆ ಸುರಿದ ದುಡ್ಡಿನ ಮುಂದೆ ಅದರ ಬೆಲೆ ಏನೂ ಅಲ್ಲ.

ಆಮೇಲಿಂದ ನಾನು ಪಾಲಿಸುವುದು ಇಷ್ಟೇ: ಹೊಸದನ್ನು ಸೇರಿಸುವ ಮೊದಲು ಹಳೆಯದು ಎಲ್ಲಿ ಸವೆದಿದೆ ಅಂತ ಹುಡುಕುವುದು. ಹಳೇ ವ್ಯಾನಿನ ಓಟ ಸುಧಾರಿಸುವ ಕೆಲಸದಲ್ಲಿ ಮುಕ್ಕಾಲು ಪಾಲು, ಅದು ಹೊಸದಾಗಿದ್ದಾಗ ಹೇಗಿತ್ತೋ ಹಾಗೆ ಮಾಡುವುದರಲ್ಲೇ ಮುಗಿದುಹೋಗುತ್ತದೆ.

ಇಲ್ಲಿ ಹೇಳುವುದೆಲ್ಲ ಸಾಮಾನ್ಯವಾಗಿ ಕಾಣುವ ಜೋಡಣೆಯ ವ್ಯಾನಿಗೆ. ಮುಂದೆ ಕಾಯಿಲ್ ಸ್ಪ್ರಿಂಗ್ ಅಥವಾ ಟಾರ್ಷನ್ ಬಾರ್ (ತಿರುಚಿಕೊಂಡು ಸ್ಪ್ರಿಂಗಿನ ಕೆಲಸ ಮಾಡುವ ಸರಳು), ಹಿಂದೆ ಎರಡೂ ಚಕ್ರ ಸೇರಿಸುವ ಗಟ್ಟಿ ಆಕ್ಸಲ್, ಅದರ ಕೆಳಗೋ ಮೇಲೋ ಲೀಫ್ ಸ್ಪ್ರಿಂಗ್. ಲೀಫ್‌ಗೆ ಗ್ಯಾರೇಜಿನಲ್ಲಿ ಪ್ಲೇಟು ಅನ್ನುತ್ತಾರೆ, ನಾನೂ ಹಾಗೇ ಬರೆಯುತ್ತೇನೆ. ಹಿಂದೆಯೂ ಕಾಯಿಲ್ ಇರುವ ವ್ಯಾನುಗಳಿಗೂ ಇದರಲ್ಲಿ ಬಹುಪಾಲು ಹೊಂದುತ್ತದೆ.

## ಕೆಳಗೆ ತೂರುವ ಮೊದಲು

ವ್ಯಾನು ಕಾರಿಗಿಂತ ಭಾರ, ಎತ್ತರವೂ ಜಾಸ್ತಿ. ಜ್ಯಾಕ್ ಇರುವುದು ಎತ್ತುವುದಕ್ಕೆ, ಹಿಡಿದು ನಿಲ್ಲಿಸುವುದಕ್ಕೆ ಅಲ್ಲ. ಜ್ಯಾಕ್ ಮೇಲೆ ಮಾತ್ರ ನಿಂತ ವ್ಯಾನಿನ ಕೆಳಗೆ ತಲೆ ಹಾಕಬೇಡಿ, "ಒಂದೇ ನಿಮಿಷ" ಅಂತಲೂ ಬೇಡ. ಗಟ್ಟಿ, ಸಮತಟ್ಟಾದ ನೆಲ ಬೇಕು. ನೆಲದ ಮೇಲೆ ಉಳಿಯುವ ಚಕ್ರಗಳಿಗೆ ಎರಡೂ ಕಡೆ ಅಡ್ಡ ಕೊಡಿ. ವ್ಯಾನಿನ ತೂಕ ತಡೆಯುವ ಸ್ಟ್ಯಾಂಡ್ ಇಟ್ಟು, ಜ್ಯಾಕ್ ಇಳಿಸಿ, ಪಕ್ಕದಿಂದ ಒಮ್ಮೆ ಜೋರಾಗಿ ತಳ್ಳಿ ನೋಡಿ. ಅಲುಗಿದರೆ ಸ್ಟ್ಯಾಂಡ್ ಮತ್ತೆ ಇಡಿ. ಹ್ಯಾಂಡ್ ಬ್ರೇಕ್ ಹಿಡಿಯುವುದು ಸಾಮಾನ್ಯವಾಗಿ ಹಿಂದಿನ ಚಕ್ರಗಳನ್ನು ಮಾತ್ರ. ಹಿಂದೆ ಎತ್ತಿದರೆ ಅದನ್ನು ನಂಬುವ ಹಾಗಿಲ್ಲ.

ಸಮಾಧಾನದ ಸಂಗತಿ ಅಂದರೆ, ಕೆಳಗಿನ ಪರೀಕ್ಷೆಗಳಲ್ಲಿ ಅರ್ಧದಷ್ಟಕ್ಕೆ ವ್ಯಾನನ್ನು ಎತ್ತುವುದೇ ಬೇಕಿಲ್ಲ.

## ನೆಟ್ಟಗೆ ಹೋಗುವುದಿಲ್ಲ, ಗಾಳಿ ಬೀಸಿದರೆ ಅಲೆಯುತ್ತದೆ

ಹಳೇ ವ್ಯಾನಿನವರ ಅತಿ ದೊಡ್ಡ ಗೋಳು ಇದು. ಸ್ಟೇರಿಂಗ್ ನೆಟ್ಟಗೆ ಹಿಡಿದಿದ್ದರೂ ವ್ಯಾನು ನಿಧಾನವಾಗಿ ಒಂದು ಕಡೆ ಜಾರುತ್ತದೆ. ತಿದ್ದಿದರೆ ಇನ್ನೊಂದು ಕಡೆ. ಲಾರಿ ಪಕ್ಕದಲ್ಲಿ ಹಾದುಹೋದರೆ ಎದೆ ಧಸಕ್ ಅನ್ನುತ್ತದೆ. ಒಂದು ಗಂಟೆ ಓಡಿಸುವಷ್ಟರಲ್ಲಿ ಭುಜ ಹಿಡಿದುಕೊಂಡಿರುತ್ತದೆ.

ಮೊದಲು ಟೈರಿನ ಗಾಳಿ. ಬೆಳಿಗ್ಗೆ, ವ್ಯಾನು ಓಡಿಸುವ ಮೊದಲೇ ನೋಡಬೇಕು. ಬಿಸಿ ಟೈರು ಕೆಲವು ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ಜಾಸ್ತಿ ತೋರಿಸುತ್ತದೆ, ಅದನ್ನು ನೋಡಿ ಗಾಳಿ ಬಿಟ್ಟರೆ ತಣ್ಣಗಾದ ಮೇಲೆ ಕಡಿಮೆ ಬೀಳುತ್ತದೆ. ಎಷ್ಟು ಇರಬೇಕು ಅನ್ನುವುದು ಚಾಲಕನ ಬಾಗಿಲ ಕಂಬದ ಚೀಟಿಯಲ್ಲೋ ಕೈಪಿಡಿಯಲ್ಲೋ ಇರುತ್ತದೆ. ವ್ಯಾನಿಗೆ ಬಹಳ ಸಲ ಎರಡು ಲೆಕ್ಕ ಇರುತ್ತವೆ, ಖಾಲಿ ಇದ್ದಾಗ ಒಂದು, ಲೋಡ್ ಇದ್ದಾಗ ಇನ್ನೊಂದು. ಟೈರಿನ ಗೋಡೆ ಮೇಲೆ ಅಚ್ಚಾಗಿರುವುದು ಆ ಟೈರು ತಡೆಯುವ ಗರಿಷ್ಠ ಒತ್ತಡ, ನಿಮ್ಮ ವ್ಯಾನಿನ ಲೆಕ್ಕ ಅಲ್ಲ. ಹಿಂದಿನ ಟೈರಿನಲ್ಲಿ ಗಾಳಿ ಕಡಿಮೆ ಇದ್ದರೆ ವ್ಯಾನಿನ ಬಾಲ ಅಲ್ಲಾಡುತ್ತದೆ. ಚಾಲಕನಿಗೆ ಅದು ಸ್ಟೇರಿಂಗ್ ದೋಷದ ಹಾಗೇ ಅನಿಸುತ್ತದೆ.

ಆಮೇಲೆ ಟೈರು ಯಾವುದು ಅಂತ ನೋಡಿ. ಕಾರಿನ ಟೈರು ಅಳತೆಯಲ್ಲಿ ಸರಿಹೋಗುತ್ತದೆ ಅಂತ ವ್ಯಾನಿಗೆ ಹಾಕಿಬಿಟ್ಟಿರುವುದನ್ನು ಎಷ್ಟೋ ಕಡೆ ನೋಡಿದ್ದೇನೆ. ವ್ಯಾನಿನ ಟೈರಿನ ಅಳತೆಯ ಕೊನೆಯಲ್ಲಿ ಸಾಮಾನ್ಯವಾಗಿ 'ಸಿ' ಅಕ್ಷರ ಇರುತ್ತದೆ, ಅದರ ಗೋಡೆ ಗಟ್ಟಿ. ಪಕ್ಕದಲ್ಲಿ ಭಾರದ ಸಂಖ್ಯೆಯೂ ಇರುತ್ತದೆ. 100 ಅಂದರೆ ಒಂದು ಟೈರು 800 ಕೆ.ಜಿ. ಹೊರುತ್ತದೆ, 104 ಅಂದರೆ 900, 109 ಅಂದರೆ 1030. ಮೆತ್ತಗಿನ ಗೋಡೆಯ ಟೈರಿನ ಮೇಲೆ ಎತ್ತರದ ವ್ಯಾನು ಕೂತರೆ ಎಂಥ ಶಾಕಪ್ ಹಾಕಿದರೂ ಅದು ಅಲೆಯುವುದೇ.

ಟೈರಿನ ವಯಸ್ಸೂ ನೋಡಿಬಿಡಿ. ಗೋಡೆ ಮೇಲೆ ಒಂದು ಉದ್ದನೆ ಕೋಡ್ ಇರುತ್ತದೆ, ಅದರ ಕೊನೆಯ 4 ಅಂಕಿ ತಯಾರಾದ ವಾರ ಮತ್ತು ವರ್ಷ. 2319 ಅಂದರೆ 2019ರ 23ನೇ ವಾರ. ಕೋಡ್ ಒಂದೇ ಬದಿಯಲ್ಲಿ ಪೂರ್ತಿ ಇರುತ್ತದೆ, ಹೊರಗೆ ಕಾಣದಿದ್ದರೆ ಒಳಬದಿಯಲ್ಲಿ ಹುಡುಕಿ. ಅಪರೂಪಕ್ಕೆ ಓಡುವ ವ್ಯಾನಿನಲ್ಲಿ ಟೈರು ಸವೆಯುವುದಿಲ್ಲ, ಕೂತಲ್ಲೇ ಮುದಿಯಾಗುತ್ತದೆ. ಬಟನ್ (ಟೈರಿನ ಮೇಲಿನ ಹಲ್ಲು) ಎಷ್ಟೇ ಚೆನ್ನಾಗಿ ಕಂಡರೂ 10 ವರ್ಷ ದಾಟಿದ ಟೈರಿನ ಮೇಲೆ ನಾನು ಹೆದ್ದಾರಿಗೆ ಹೋಗುವುದಿಲ್ಲ.

ಇನ್ನು ಭಾರ ಎಲ್ಲಿ ಕೂತಿದೆ? ಇದಕ್ಕೆ ಖರ್ಚೇ ಇಲ್ಲ, ಆದರೂ ಯಾರೂ ನೋಡುವುದಿಲ್ಲ. ಎರಡು ಆಕ್ಸಲ್‌ಗಳ ನಡುವೆ 2.5 ಮೀಟರ್ ಇರುವ ವ್ಯಾನು ಅಂದುಕೊಳ್ಳಿ. ಹಿಂದಿನ ಆಕ್ಸಲ್‌ನಿಂದ 1 ಮೀಟರ್ ಹಿಂದಕ್ಕೆ 100 ಕೆ.ಜಿ. ಸಾಮಾನು ಇಟ್ಟರೆ ಹಿಂದಿನ ಆಕ್ಸಲ್ ಮೇಲೆ 140 ಕೆ.ಜಿ. ಬೀಳುತ್ತದೆ, ಮುಂದಿನ ಆಕ್ಸಲ್‌ನಿಂದ 40 ಕೆ.ಜಿ. ಎದ್ದುಹೋಗುತ್ತದೆ. ಏತದ ಲೆಕ್ಕವೇ ಇದು. ಮುಂದಿನ ಚಕ್ರ ಹಗುರಾದರೆ ಸ್ಟೇರಿಂಗ್ ತೇಲಿದ ಹಾಗಾಗುತ್ತದೆ. ನೀರಿನ ಟ್ಯಾಂಕು, ಬ್ಯಾಟರಿ, ಟೂಲ್ ಪೆಟ್ಟಿಗೆ ಎಲ್ಲ ಆಕ್ಸಲ್‌ಗಿಂತ ಮುಂದಕ್ಕೆ, ತಳಕ್ಕೆ ತಂದು ಕಟ್ಟಿ. ಒಮ್ಮೆ ಪೂರ್ತಿ ಖಾಲಿ ಮಾಡಿಯೂ ಓಡಿಸಿ ನೋಡಿ. ಅರ್ಧ ರೋಗ ಅಲ್ಲೇ ಬಿಟ್ಟುಹೋದರೆ ಮುಂದೆ ಏನು ಮಾಡಬೇಕು ಅಂತ ಗೊತ್ತಾಯಿತಲ್ವಾ?

ಇಷ್ಟಾದ ಮೇಲೂ ಅಲೆದರೆ ಸ್ಟೇರಿಂಗಿನ ಆಟ ನೋಡಿ. ಚಕ್ರ ನೆಟ್ಟಗಿಟ್ಟು, ಪವರ್ ಸ್ಟೇರಿಂಗ್ ಇದ್ದರೆ ಇಂಜಿನ್ ಶುರು ಮಾಡಿ, ಸ್ಟೇರಿಂಗನ್ನು ಎರಡು ಬೆರಳಲ್ಲಿ ಅತ್ತಿತ್ತ ಅಲುಗಿಸಿ. ಟೈರು ಅಲುಗಲು ಶುರುವಾಗುವ ಮೊದಲು ಅಂಚು ಎಷ್ಟು ಸರಿಯುತ್ತದೆ? ರ‍್ಯಾಕ್ (ಹಲ್ಲಿನ ಸರಳನ್ನು ಪಕ್ಕಕ್ಕೆ ಸರಿಸಿ ಚಕ್ರ ತಿರುಗಿಸುವ ಜೋಡಣೆ) ಇರುವ ವ್ಯಾನಿನಲ್ಲಿ 10–15 ಮಿ.ಮೀ. ದಾಟಿದರೆ ನನಗೆ ಅನುಮಾನ. ಹಳೇ ಸ್ಟೇರಿಂಗ್ ಬಾಕ್ಸ್ ಇರುವುದರಲ್ಲಿ ಇನ್ನೂ ಸ್ವಲ್ಪ ಜಾಸ್ತಿ ಸಹಜ. ಜಾಸ್ತಿ ಅನಿಸಿದರೆ ಇಂಜಿನ್ ಆರಿಸಿ, ಒಬ್ಬರಿಗೆ ಹೀಗೇ ಅಲುಗಿಸುತ್ತಿರಲು ಹೇಳಿ. ನೀವು ಒಂದೊಂದೇ ಜಾಯಿಂಟಿನ ಮೇಲೆ ಬೆರಳು ಅಡ್ಡ ಇಟ್ಟು ನೋಡುತ್ತಾ ಹೋಗಿ: ಕಾಲಂ ಜಾಯಿಂಟು (ಸ್ಟೇರಿಂಗಿನಿಂದ ಕೆಳಗಿಳಿಯುವ ದಂಡದ್ದು), ಟೈರಾಡ್ ಎಂಡ್ (ಚಕ್ರವನ್ನು ತಿರುಗಿಸುವ ಸರಳಿನ ತುದಿ), ಸ್ಟೇರಿಂಗ್ ಬಾಕ್ಸ್ ಇದ್ದರೆ ಐಡ್ಲರ್ ಆರ್ಮ್ (ಆ ಸರಳುಗಳನ್ನು ಇನ್ನೊಂದು ಬದಿಯಲ್ಲಿ ಹಿಡಿದಿರುವ ತೋಳು). ಕಣ್ಣಿಗೆ ಕಾಣದ ಸಡಿಲ ಬೆರಳಿಗೆ ಟಿಕ್ ಅಂತ ಹೇಳಿಬಿಡುತ್ತದೆ.

ಸ್ಟೇರಿಂಗ್ ಬಾಕ್ಸ್ ಮೇಲೆ ಒಂದು ಸ್ಕ್ರೂ ಇರುತ್ತದೆ, ತಿರುಗಿಸಿದರೆ ಆಟ ಮಾಯವಾಗುತ್ತದೆ. ಬಹಳ ಆಸೆ ಹುಟ್ಟಿಸುವ ಸ್ಕ್ರೂ ಅದು. ಜಾಸ್ತಿ ಬಿಗಿ ಮಾಡಿದರೆ ತಿರುವು ಮುಗಿದ ಮೇಲೆ ಸ್ಟೇರಿಂಗ್ ತಾನಾಗಿ ಮಧ್ಯಕ್ಕೆ ಬರುವುದಿಲ್ಲ, ಪೂರ್ತಿ ತಿರುಗಿಸಿದಾಗ ಹಿಡಿದುಕೊಳ್ಳಲೂಬಹುದು. ಮಿಕ್ಕ ಜಾಯಿಂಟುಗಳೆಲ್ಲ ಸರಿ ಇವೆ ಅಂತ ಖಾತ್ರಿಯಾಗುವವರೆಗೆ ಅದನ್ನು ಮುಟ್ಟಬೇಡಿ. ಆಮೇಲೂ ಕೈಪಿಡಿಯಲ್ಲಿ ಹೇಳಿದ ಕ್ರಮದಲ್ಲೇ ಮುಟ್ಟಿ.

ಕೊನೆಯದು ಹಿಂದಿನ ಬುಷ್‌ಗಳು, ನನ್ನನ್ನು ಮೂರು ತಿಂಗಳು ಸತಾಯಿಸಿದ ಜಾಗ. ಪ್ಲೇಟಿನ ಮುಂದಿನ ಕಣ್ಣು ವ್ಯಾನಿನ ಮೈಗೆ ಬೋಲ್ಟ್ ಆಗಿರುತ್ತದೆ. ಆಕ್ಸಲನ್ನು ಜಾಗದಲ್ಲಿ ಹಿಡಿದಿಡುವುದೇ ಅದು. ಅಲ್ಲಿಯ ರಬ್ಬರ್ ಹೋದರೆ ಒಂದು ಬದಿಯ ಚಕ್ರ ಹಿಂದೆಮುಂದೆ ಸರಿಯುತ್ತದೆ, ಅಂದರೆ ಹಿಂದಿನ ಆಕ್ಸಲ್ ತಾನೇ ಸ್ಟೇರಿಂಗ್ ಮಾಡಲು ಶುರು ಮಾಡುತ್ತದೆ. ನಿಂತ ವ್ಯಾನಿನಲ್ಲಿ ಇದು ಕಾಣುವುದಿಲ್ಲ. ಭಾರ ಮೇಲೆ ಕೂತು ಎಲ್ಲ ಬಿಗಿಯಾಗಿರುತ್ತದೆ.

ನಾನು ಮಾಡಿದ್ದು ಹೀಗೆ. ಸ್ಪ್ರಿಂಗಿನ ಕಣ್ಣಿನ ಮೇಲಿಂದ ಅದು ಕೂತಿರುವ ಬ್ರಾಕೆಟ್ ತನಕ ಬಿಳಿ ಚಾಕ್‌ಪೀಸಿನಿಂದ ಒಂದು ನೇರ ಗೆರೆ ಎಳೆದೆ. ಫೋನನ್ನು ಚಕ್ರದ ಹಾದಿಯಿಂದ ಆಚೆ, ನೆಲದ ಮೇಲೆ ಒರಗಿಸಿಟ್ಟು ವಿಡಿಯೋ ಶುರು ಮಾಡಿದೆ. ಸ್ನೇಹಿತ ವ್ಯಾನನ್ನು ನಡಿಗೆ ವೇಗದಲ್ಲಿ ಎರಡು ಅಡಿ ಮುಂದೆ, ಬ್ರೇಕ್, ಎರಡು ಅಡಿ ಹಿಂದೆ, ಬ್ರೇಕ್ ಅಂತ ಓಡಿಸಿದ. ಬಲಗಡೆ ಗೆರೆ ಗೆರೆಯಾಗಿಯೇ ಉಳಿಯಿತು. ಎಡಗಡೆ ಪ್ರತಿ ಬ್ರೇಕಿಗೂ ಗೆರೆ ಮಧ್ಯದಲ್ಲಿ ಮುರಿದು, ಕಣ್ಣಿನ ಮೇಲಿನ ತುಂಡು ಬೆರಳಗಲ ಹಿಂದಕ್ಕೋ ಮುಂದಕ್ಕೋ ಹಾರಿ ಮತ್ತೆ ಬಂದು ಕೂರುತ್ತಿತ್ತು. ಬುಷ್ ಬಿಚ್ಚಿದಾಗ ರಬ್ಬರ್ ಒಂದು ಕಡೆ ತಿಂದುಹೋಗಿ, ಬೋಲ್ಟಿನ ಸುತ್ತಲಿನ ಕೊಳವೆ ಕಬ್ಬಿಣಕ್ಕೆ ಉಜ್ಜಿ ಹೊಳೆಯುತ್ತಿತ್ತು. ಚಲಿಸುವ ವ್ಯಾನಿನ ಕೆಳಗೆ ನೀವು ಇಣುಕಬೇಡಿ. ಫೋನ್ ಹೋದರೆ ಇನ್ನೊಂದು ಸಿಗುತ್ತದೆ.

ಇದರ ಜೊತೆಗೆ ಟೇಪ್ ಹಿಡಿದು ಮುಂದಿನ ಚಕ್ರದ ಮಧ್ಯದಿಂದ ಹಿಂದಿನ ಚಕ್ರದ ಮಧ್ಯಕ್ಕೆ ಎರಡೂ ಬದಿ ಅಳೆಯಿರಿ, ಸ್ಟೇರಿಂಗ್ ನೆಟ್ಟಗಿರಲಿ. ಎರಡೂ ಹೆಚ್ಚುಕಡಿಮೆ ಒಂದೇ ಬರಬೇಕು. ಒಂದು ಬದಿ ಎದ್ದುಕಾಣುವಷ್ಟು ಕಡಿಮೆ ಬಂದರೆ ಪ್ಲೇಟುಗಳ ನಡುವಿನ ಸೆಂಟರ್ ಬೋಲ್ಟ್ ಕತ್ತರಿಸಿ ಆಕ್ಸಲ್ ಸರಿದಿರಬಹುದು. ಆ ಬೋಲ್ಟಿನ ತಲೆ ಆಕ್ಸಲ್ ಮೇಲಿನ ತೂತಿನಲ್ಲಿ ಕೂತು ಆಕ್ಸಲನ್ನು ಜಾಗದಲ್ಲಿ ಇಡುತ್ತದೆ. ಅದು ಹೋಗಿದ್ದರೆ ವ್ಯಾನು ಅಲ್ಲಿಗೇ ನಿಲ್ಲಲಿ.

ಅಲೈನ್ಮೆಂಟ್ ಇನ್ನೂ ಯಾಕೆ ಹೇಳಲಿಲ್ಲ ಅಂದರೆ, ಅದು ಕೊನೆಯ ಕೆಲಸ. ಟೈರಿನ ಮೇಲೆ ಅಡ್ಡಲಾಗಿ ಅಂಗೈ ಸವರಿ. ಒಂದು ದಿಕ್ಕಿಗೆ ನುಣ್ಣಗೆ, ವಾಪಸ್ ಬರುವಾಗ ಗರಗಸದ ಹಲ್ಲಿನ ಹಾಗೆ ಚುಚ್ಚಿದರೆ ಟೋ (ಚಕ್ರಗಳು ಒಳಗೋ ಹೊರಗೋ ಮುಖ ಮಾಡಿರುವ ಕೋನ) ತಪ್ಪಿದೆ. ಆದರೆ ಸಡಿಲ ಜಾಯಿಂಟು ಇಟ್ಟುಕೊಂಡು ಅಲೈನ್ಮೆಂಟ್ ಮಾಡಿಸಿದರೆ ಮೆಷಿನ್ ಮೇಲೆ ಸರಿ ಇರುತ್ತದೆ, ಗೇಟು ದಾಟಿದ ಮೇಲೆ ಮತ್ತೆ ಅದೇ ಕಥೆ.

## ತಿರುವಿನಲ್ಲಿ ಮೈ ವಾಲುತ್ತದೆ

ವ್ಯಾನು ಸ್ವಲ್ಪ ವಾಲುವುದು ಸಹಜ. ಮೊದಲಿಗಿಂತ ಜಾಸ್ತಿ ವಾಲುತ್ತಿದೆಯಾ ಅನ್ನುವುದು ಪ್ರಶ್ನೆ.

ಛಾವಣಿ ನೋಡಿ. ಕ್ಯಾರಿಯರ್, ಏಣಿ, ಮೇಲೆ ಕಟ್ಟಿದ ಸಾಮಾನು. ತಲೆ ಮೇಲಿನ 50 ಕೆ.ಜಿ. ತಳದಲ್ಲಿರುವ 50 ಕೆ.ಜಿ.ಗಿಂತ ಎಷ್ಟೋ ಪಾಲು ಹೆಚ್ಚು ವಾಲಿಸುತ್ತದೆ. ಅದನ್ನು ಇಳಿಸಿ ಓಡಿಸಿ ನೋಡಿ.

ಆಮೇಲೆ ಆ್ಯಂಟಿ ರೋಲ್ ಬಾರ್. ಎರಡೂ ಮುಂದಿನ ಚಕ್ರಗಳನ್ನು ಜೋಡಿಸುವ ಬಾಗಿದ ಸರಳು ಅದು. ಅದರ ತುದಿಯಲ್ಲಿ ಎರಡು ಸಣ್ಣ ಲಿಂಕುಗಳು, ಮಧ್ಯದಲ್ಲಿ ಎರಡು ರಬ್ಬರ್. ಲಿಂಕ್ ಮುರಿದಿದ್ದರೆ ಬಾರ್ ಸುಮ್ನೆ ನೇತಾಡುತ್ತಿರುತ್ತದೆ, ಕೆಲಸ ಸೊನ್ನೆ. ಕೈಯಲ್ಲಿ ಹಿಡಿದು ಅಲುಗಿಸಿದರೇ ಲಟಲಟ ಅನ್ನುತ್ತದೆ. ಬದಲಾಯಿಸುವುದು ಸುಲಭ, ಅಗ್ಗ, ಮತ್ತು ಮೊದಲ ತಿರುವಿನಲ್ಲೇ ಫರಕು ಗೊತ್ತಾಗುತ್ತದೆ. ಹೊಸಬರಿಗೆ ಕೈ ಹಚ್ಚಲು ಇದಕ್ಕಿಂತ ಒಳ್ಳೆಯ ಕೆಲಸ ಇಲ್ಲ.

ನಿಧಾನವಾಗಿ ವಾಲಿ ಅಲ್ಲೇ ನಿಂತರೆ ಸ್ಪ್ರಿಂಗ್ ಅಥವಾ ಬಾರ್ ಸೋತಿದೆ. ಫಕ್ಕನೆ ವಾಲಿ, ತಿರುವು ಮುಗಿದ ಮೇಲೆ ಇನ್ನೊಂದು ಕಡೆಗೂ ತೂಗಿದರೆ ಶಾಕಪ್.

## ಹಳ್ಳ ದಾಟಿದ ಮೇಲೂ ತೂಗಾಡುತ್ತಲೇ ಇರುತ್ತದೆ

ಈಗ ಶಾಕಪ್ ಸರದಿ. ಮೂಲೆಯನ್ನು ಜೋರಾಗಿ ಅದುಮಿ ಬಿಟ್ಟು ಎಷ್ಟು ಸಲ ಕುಣಿಯುತ್ತದೆ ನೋಡುವ ಪರೀಕ್ಷೆ ಎಲ್ಲರಿಗೂ ಗೊತ್ತು. ಒಂದೂವರೆ ಸಲಕ್ಕಿಂತ ಜಾಸ್ತಿ ಕುಣಿದರೆ ಶಾಕಪ್ ಹೋಗಿದೆ, ಅದು ನಿಜ. ಕುಣಿಯದಿದ್ದರೆ ಚೆನ್ನಾಗಿದೆ ಅಂತ ಮಾತ್ರ ತಿಳಿಯಬೇಡಿ. ವ್ಯಾನಿನ ಹಿಂದಿನ ಪ್ಲೇಟುಗಳು ಒಂದಕ್ಕೊಂದು ಉಜ್ಜಿಯೇ ಕುಣಿತವನ್ನು ತಡೆಯುತ್ತವೆ. ಸತ್ತ ಶಾಕಪ್ ಕೂಡ ಈ ಪರೀಕ್ಷೆಯಲ್ಲಿ ಪಾಸ್ ಆಗಿಬಿಡುತ್ತದೆ.

ನನಗೆ ಇಷ್ಟವಾದ ಉಪಾಯ ಬೇರೆ. ಗುಂಡಿ ಇರುವ ರಸ್ತೆಯಲ್ಲಿ ಕಾಲು ಗಂಟೆ ಓಡಿಸಿ, ಇಳಿದು ನಾಲ್ಕೂ ಶಾಕಪ್‌ಗಳ ಮೈ ಮುಟ್ಟಿ ನೋಡಿ. ಕೆಲಸ ಮಾಡಿದ ಶಾಕಪ್ ಬೆಚ್ಚಗಿರುತ್ತದೆ, ಒಳಗಿನ ಎಣ್ಣೆ ಸಣ್ಣ ತೂತುಗಳಲ್ಲಿ ನುಗ್ಗಿ ಕುಣಿತವನ್ನು ಬಿಸಿಯಾಗಿ ಮಾರ್ಪಡಿಸಿರುತ್ತದೆ. ಜೊತೆಯದು ಬೆಚ್ಚಗಿದ್ದು ಇದು ಮಾತ್ರ ತಣ್ಣಗಿದ್ದರೆ ಅದು ಸುಮ್ನೆ ಕೂತಿತ್ತು ಅಂತ ಅರ್ಥ. ಸೈಲೆನ್ಸರ್ ಪೈಪು ಹತ್ತಿರ ಇದ್ದರೆ ಕೈ ಜೋಪಾನ.

ಮೈ ಮೇಲೆ ತೆಳ್ಳಗೆ ಎಣ್ಣೆ ಪಸೆ, ಅದಕ್ಕೆ ಅಂಟಿದ ಧೂಳು ಇದ್ದರೆ ಗಾಬರಿ ಬೇಡ. ಎಣ್ಣೆ ಇಳಿದು ತೊಟ್ಟಿಕ್ಕುತ್ತಿದ್ದರೆ ಮುಗಿಯಿತು. ಟೈರಿನ ಮೇಲೆ ಅಲ್ಲಲ್ಲಿ ಬೊಗಸೆ ಬಗೆದ ಹಾಗೆ ಸವೆದಿದ್ದರೂ ಶಾಕಪ್ ಮೇಲೇ ಅನುಮಾನ, ಬ್ಯಾಲೆನ್ಸಿಂಗನ್ನೂ ಜೊತೆಗೆ ನೋಡಿ. ಬದಲಾಯಿಸಿದರೆ ಒಂದು ಆಕ್ಸಲ್‌ನ ಎರಡನ್ನೂ ಒಟ್ಟಿಗೆ ಬದಲಾಯಿಸಿ.

ಹಿಂದಿನ ಶಾಕಪ್ ಮನೆಯಲ್ಲೇ ಬಿಚ್ಚಬಹುದು, ಎರಡು ಬೋಲ್ಟು. ಬಿಚ್ಚುವಾಗ ಆಕ್ಸಲ್‌ಗೆ ಆಧಾರ ಕೊಡಿ, ಇಲ್ಲದಿದ್ದರೆ ಅದು ಬ್ರೇಕ್ ಪೈಪಿನ ಮೇಲೆ ನೇತುಬೀಳುತ್ತದೆ. ಮುಂದೆ ಶಾಕಪ್ ಮತ್ತು ಕಾಯಿಲ್ ಒಂದೇ ಕಂಬದಲ್ಲಿದ್ದರೆ ಆ ಕೆಲಸ ಗ್ಯಾರೇಜಿಗೆ ಬಿಡಿ. ಒತ್ತಿ ಹಿಡಿದ ಕಾಯಿಲ್ ಸ್ಪ್ರಿಂಗ್ ಕೈ ಜಾರಿದರೆ ಜೀವ ತೆಗೆಯುತ್ತದೆ. ಕಂಬದ ತುದಿಯ ನಟ್ಟನ್ನು ಸ್ಪ್ರಿಂಗ್ ಒತ್ತದೇ ಯಾವತ್ತೂ ಸಡಿಲಿಸಬೇಡಿ.

## ಹಿಂದೆ ಕೂತುಬಿಟ್ಟಿದೆ, ಅಥವಾ ಒಂದು ಕಡೆ ತಗ್ಗಿದೆ

ಕಣ್ಣಂದಾಜು ಬೇಡ, ಅಳೆಯಿರಿ. ವ್ಯಾನು ಖಾಲಿ ಇರಲಿ, ನೆಲ ಸಮತಟ್ಟಾಗಿರಲಿ. ಚಕ್ರದ ಮಧ್ಯಬಿಂದುವಿನಿಂದ ಮೇಲಿನ ಕಮಾನಿನ ಅಂಚಿಗೆ ನಾಲ್ಕೂ ಕಡೆ ಅಳತೆ ತೆಗೆಯಿರಿ. ನೆಲದಿಂದ ಅಳೆದರೆ ಟೈರಿನ ಗಾಳಿ ಲೆಕ್ಕ ಕೆಡಿಸುತ್ತದೆ. ಎಡಬಲದ ನಡುವೆ 15 ಮಿ.ಮೀ.ಗಿಂತ ಜಾಸ್ತಿ ಫರಕಿದ್ದರೆ ಕಾರಣ ಹುಡುಕಿ. ಒಂದು ಬದಿಗೆ ಕಪಾಟು, ಟ್ಯಾಂಕು ಕಟ್ಟಿ ವರ್ಷಗಟ್ಟಲೆ ಓಡಿಸಿದ ವ್ಯಾನಿನಲ್ಲಿ ಆ ಬದಿಯ ಪ್ಲೇಟು ಸೋತಿರುತ್ತದೆ.

ಪ್ಲೇಟುಗಳನ್ನು ತಂತಿ ಬ್ರಷ್‌ನಿಂದ ಉಜ್ಜಿ, ಟಾರ್ಚ್ ಹಿಡಿದು ಒಂದೊಂದನ್ನೇ ನೋಡಿ. ಬಿರುಕು ಸಾಮಾನ್ಯವಾಗಿ ಸೆಂಟರ್ ಬೋಲ್ಟಿನ ಹತ್ತಿರ, ಇಲ್ಲವೇ ಕೆಳಗಿನ ಪ್ಲೇಟಿನ ತುದಿ ಮೇಲಿನದನ್ನು ಒತ್ತುವ ಜಾಗದಲ್ಲಿ ಬರುತ್ತದೆ. ಕೆಂಪು ತುಕ್ಕಿನ ಸಣ್ಣ ಗೆರೆ ಕಂಡರೆ ಅದು ಬಿರುಕೇ ಇರಬಹುದು. ಮುರಿದ ಪ್ಲೇಟನ್ನು ವೆಲ್ಡ್ ಮಾಡಿಸಬೇಡಿ. ಹದ ಕೊಟ್ಟ ಉಕ್ಕು ಅದು, ವೆಲ್ಡಿನ ಬಿಸಿಗೆ ಹದ ಕೆಟ್ಟು ಪಕ್ಕದಲ್ಲೇ ಮತ್ತೆ ಮುರಿಯುತ್ತದೆ.

ಮುಂದೆ ಟಾರ್ಷನ್ ಬಾರ್ ಇದ್ದರೆ ಎತ್ತರ ಹೊಂದಿಸುವ ಬೋಲ್ಟ್ ಇರುತ್ತದೆ. ಅದನ್ನು ತಿರುಗಿಸಿದರೆ ವ್ಯಾನು ಮೇಲೇಳುತ್ತದೆ, ಸ್ಪ್ರಿಂಗ್ ಮಾತ್ರ ಗಟ್ಟಿಯಾಗುವುದಿಲ್ಲ. ಜಾಸ್ತಿ ಎತ್ತಿದರೆ ಚಕ್ರ ಕೆಳಗಿಳಿಯಲು ಜಾಗವೇ ಉಳಿಯದೆ ಸವಾರಿ ಕಲ್ಲಿನ ಹಾಗಾಗುತ್ತದೆ, ಅಲೈನ್ಮೆಂಟೂ ಹೋಗುತ್ತದೆ. ಕೈಪಿಡಿಯ ಎತ್ತರಕ್ಕೆ ತಂದು ನಿಲ್ಲಿಸಿ.

ಇಲ್ಲಿ ಬಹಳ ಜನ ಮರೆಯುವ ವಿಷಯ ಒಂದಿದೆ. ಹಿಂದಿನ ಆಕ್ಸಲ್ ಮತ್ತು ಮೈ ನಡುವೆ ಒಂದು ಸಣ್ಣ ಸರಳೋ ಸ್ಪ್ರಿಂಗೋ ಇದ್ದು, ಅದು ಬ್ರೇಕಿನ ಒಂದು ವಾಲ್ವ್‌ಗೆ ಜೋಡಿಸಿರುತ್ತದೆ, ಎಷ್ಟೋ ಹಳೇ ವ್ಯಾನುಗಳಲ್ಲಿ. ಲೋಡ್ ಬಿದ್ದು ಮೈ ಕೆಳಗಿಳಿದರೆ ಹಿಂದಿನ ಬ್ರೇಕಿಗೆ ಒತ್ತಡ ಜಾಸ್ತಿ ಕೊಡುತ್ತದೆ, ಖಾಲಿ ಇದ್ದಾಗ ಕಡಿಮೆ ಮಾಡುತ್ತದೆ. ಪ್ಲೇಟು ಸೋತು ಮೈ ಇಳಿದಿದ್ದರೆ ವಾಲ್ವ್ ಯಾವಾಗಲೂ ಲೋಡ್ ಇದೆ ಅಂದುಕೊಳ್ಳುತ್ತದೆ. ಒದ್ದೆ ರಸ್ತೆಯಲ್ಲಿ ಖಾಲಿ ವ್ಯಾನಿನ ಹಿಂದಿನ ಚಕ್ರ ಬೇಗ ಲಾಕ್ ಆಗುತ್ತದೆ. ಉಲ್ಟಾ, ಹೆಲ್ಪರ್ ಸ್ಪ್ರಿಂಗ್ ಹಾಕಿ ಎತ್ತಿದರೆ ಲೋಡ್ ಇದ್ದಾಗಲೂ ಹಿಂದಿನ ಬ್ರೇಕ್ ಮೆತ್ತಗಾಗುತ್ತದೆ. ಎತ್ತರ ಬದಲಾದರೆ ಈ ವಾಲ್ವನ್ನು ಗೊತ್ತಿದ್ದವರ ಕೈಲಿ ಹೊಂದಿಸಲೇಬೇಕು.

## ಒಂದೇ ಕಡೆಗೆ ಎಳೆಯುತ್ತದೆ

ರಸ್ತೆಯೇ ಅಂಚಿಗೆ ಇಳಿಜಾರಾಗಿರುತ್ತದೆ, ಸ್ವಲ್ಪ ಎಳೆತ ಅದರದ್ದೂ ಇರಬಹುದು. ಸಮತಟ್ಟಾದ ಜಾಗದಲ್ಲಿ ನೋಡಿ. ಎರಡೂ ಕಡೆ ಗಾಳಿ ಒಂದೇ ಇದ್ದರೆ ಮುಂದಿನ ಎರಡು ಚಕ್ರಗಳನ್ನು ಅದಲುಬದಲು ಮಾಡಿ. ತಿರುಗುವ ದಿಕ್ಕಿನ ಬಾಣ ಇರುವ ಟೈರಾದರೆ ಬೇಡ. ಎಳೆತ ಈಗ ಇನ್ನೊಂದು ಕಡೆಗೆ ಹೋಯಿತಾ? ಹಾಗಿದ್ದರೆ ತಪ್ಪು ಟೈರಿನದು, ಅಲೈನ್ಮೆಂಟಿಗೆ ದುಡ್ಡು ಹಾಕುವುದು ದಂಡ.

ಎಳೆತ ಅಲ್ಲೇ ಇದ್ದರೆ, ಆದಷ್ಟು ಬ್ರೇಕ್ ಒತ್ತದೆ 10 ಕಿ.ಮೀ. ಓಡಿಸಿ. ನಿಲ್ಲಿಸಿ ಪ್ರತಿ ಚಕ್ರದ ಹತ್ತಿರ ಕೈ ತನ್ನಿ, ಮುಟ್ಟಬೇಡಿ. ಒಂದು ಮಾತ್ರ ಕಾದ ಹೆಂಚಿನ ಹಾಗೆ ಬಿಸಿ ಉಗುಳುತ್ತಿದ್ದರೆ ಅಲ್ಲಿ ಬ್ರೇಕ್ ಹಿಡಿದುಕೊಂಡಿದೆ. ಬ್ರೇಕ್ ಒತ್ತಿದಾಗ ಮಾತ್ರ ಎಳೆದರೆ ಕ್ಯಾಲಿಪರ್ (ಬ್ರೇಕ್ ಡಿಸ್ಕನ್ನು ಅದುಮಿ ಹಿಡಿಯುವ ಭಾಗ) ಜೊತೆಗೆ ಲೋವರ್ ಆರ್ಮ್ (ಚಕ್ರವನ್ನು ಕೆಳಗಿನಿಂದ ಹಿಡಿದಿರುವ ತೋಳು) ಬುಷ್ ಕೂಡ ನೋಡಿಸಿ. ಬ್ರೇಕಿನ ಒತ್ತಡಕ್ಕೆ ಆರ್ಮ್ ಸರಿದು ಚಕ್ರದ ದಿಕ್ಕೇ ಬದಲಾಗುತ್ತದೆ.

## ಸ್ಟೇರಿಂಗ್ ನಡುಗುತ್ತದೆ

80–100 ಕಿ.ಮೀ. ವೇಗದಲ್ಲಿ ಶುರುವಾಗಿ ಆಮೇಲೆ ಕಡಿಮೆಯಾದರೆ ವೀಲ್ ಬ್ಯಾಲೆನ್ಸಿಂಗ್. ಕೈಗಿಂತ ಸೀಟಿಗೆ ಜಾಸ್ತಿ ತಿಳಿದರೆ ಹಿಂದಿನ ಚಕ್ರದ್ದು. ಬ್ರೇಕ್ ಒತ್ತಿದಾಗ ಮಾತ್ರ ನಡುಗಿದರೆ ಡಿಸ್ಕ್. ನಿಧಾನ ವೇಗದಲ್ಲೇ ಕುಂಟಿದ ಹಾಗೆ ಎತ್ತಿಹಾಕಿದರೆ ಟೈರಿನಲ್ಲಿ ಉಬ್ಬು ಇದೆಯಾ ನೋಡಿ. ಇದ್ದರೆ ಅದರ ಮೇಲೆ ಮನೆಗೂ ಓಡಿಸಬೇಡಿ, ಸ್ಟೆಪ್ನಿ ಹಾಕಿ.

## ಟಕ್ ಟಕ್, ಕಿರ್ ಕಿರ್, ಧಡ್

ಸಣ್ಣ ಗುಂಡಿಗೆ ಮುಂದಿನಿಂದ ಟಕ್ ಟಕ್ ಬಂದರೆ ಮೊದಲು ಆ್ಯಂಟಿ ರೋಲ್ ಲಿಂಕ್. ಸ್ಪೀಡ್ ಬ್ರೇಕರ್ ಇಳಿಯುವಾಗ ಧಡ್ ಅಂದರೆ ಬಂಪ್ ಸ್ಟಾಪ್ ರಬ್ಬರ್ (ಕಬ್ಬಿಣಕ್ಕೆ ಕಬ್ಬಿಣ ಬಡಿಯದ ಹಾಗೆ ತಡೆಯುವುದು) ಹರಿದಿದೆ, ಅಥವಾ ಸ್ಪ್ರಿಂಗ್ ಸೋತು ಅದರ ಮೇಲೇ ಕೂರುತ್ತಿದೆ. ಹಿಂದೆ ಕಿರ್ ಕಿರ್ ಬರುವುದು ಬಹುಪಾಲು ಪ್ಲೇಟಿನ ಹಿಂದಿನ ತುದಿಯನ್ನು ಮೈಗೆ ಜೋಡಿಸುವ ಶ್ಯಾಕಲ್‌ನ ಬುಷ್ ಒಣಗಿ. ರಬ್ಬರ್ ಬುಷ್‌ಗೆ ಗ್ರೀಸ್, ಇಂಜಿನ್ ಆಯಿಲ್ ಹಾಕಬೇಡಿ, ರಬ್ಬರ್ ಉಬ್ಬಿ ಕೊಳೆಯುತ್ತದೆ. ಸ್ಟೇರಿಂಗ್ ತಿರುಗಿಸುವಾಗ ಮುಂದಿನ ಕಂಬದ ತುದಿಯಲ್ಲಿ ಟೊಂಯ್ ಅಂತ ಸ್ಪ್ರಿಂಗ್ ಹಾರಿದ ಹಾಗೆ ಕೇಳಿದರೆ ಮೇಲಿನ ಮೌಂಟಿನ ಬೇರಿಂಗ್.

ಚಕ್ರ ಎತ್ತಿ, ಗಡಿಯಾರದ 12 ಮತ್ತು 6ರ ಜಾಗದಲ್ಲಿ ಹಿಡಿದು ಅಲುಗಿಸಿ. ಆಟ ಇದ್ದರೆ ವೀಲ್ ಬೇರಿಂಗ್ ಅಥವಾ ಬಾಲ್ ಜಾಯಿಂಟ್ (ಆರ್ಮನ್ನು ಚಕ್ರದ ಕಡೆಗೆ ಸೇರಿಸುವ ಗುಂಡು ಕೀಲು). ಯಾವುದು ಅಂತ ತಿಳಿಯಲು ಇನ್ನೊಬ್ಬರು ಬ್ರೇಕ್ ಒತ್ತಿ ಹಿಡಿಯಲಿ. ಆಟ ಮಾಯವಾದರೆ ಬೇರಿಂಗ್, ಹಾಗೇ ಉಳಿದರೆ ಬಾಲ್ ಜಾಯಿಂಟ್. ಸ್ಪ್ರಿಂಗಿನ ಭಾರ ಕೆಳಗಿನ ಆರ್ಮ್ ಮೇಲೇ ಬೀಳುವ ವ್ಯಾನಿನಲ್ಲಿ ಜ್ಯಾಕನ್ನು ಆ ಆರ್ಮ್ ಕೆಳಗೇ ಕೊಡಬೇಕು. ಇಲ್ಲದಿದ್ದರೆ ಸ್ಪ್ರಿಂಗ್ ಜಾಯಿಂಟನ್ನು ಅದುಮಿ ಹಿಡಿದು ಸವೆತವನ್ನು ಮುಚ್ಚಿಡುತ್ತದೆ. 3 ಮತ್ತು 9ರ ಜಾಗದಲ್ಲಿ ಮಾತ್ರ ಆಟ ಇದ್ದರೆ ಟೈರಾಡ್ ಎಂಡ್.

## ಇಲ್ಲಿ ನಿಲ್ಲಿಸಿ, ಬೇರೆಯವರನ್ನು ಕರೆಯಿರಿ

ಬಾಲ್ ಜಾಯಿಂಟಿನಲ್ಲೋ ಟೈರಾಡ್ ಎಂಡ್‌ನಲ್ಲೋ ಕಣ್ಣಿಗೆ ಕಾಣುವಷ್ಟು ಆಟ ಇದ್ದರೆ ವ್ಯಾನನ್ನು ಓಡಿಸಿಕೊಂಡು ಗ್ಯಾರೇಜಿಗೆ ಹೋಗಬೇಡಿ, ಎಳೆಸಿಕೊಂಡು ಹೋಗಿ. ಅವು ಕಳಚಿದರೆ ಚಕ್ರ ಯಾವ ಕಡೆ ತಿರುಗುತ್ತದೋ ನಿಮ್ಮ ಕೈಯಲ್ಲಿರುವುದಿಲ್ಲ. ಮೇನ್ ಪ್ಲೇಟು (ಕಣ್ಣುಗಳಿರುವ ಉದ್ದನೆಯದು) ಮುರಿದಿದ್ದರೆ, ಪ್ಲೇಟನ್ನು ಆಕ್ಸಲ್‌ಗೆ ಬಿಗಿಯುವ ಯು ಬೋಲ್ಟ್ ಸಡಿಲ ಇದ್ದರೆ, ಚಕ್ರದ ನಟ್ಟಿನ ಸುತ್ತ ತುಕ್ಕು ಇಳಿದ ಗೆರೆಗಳಿದ್ದರೆ ಅಷ್ಟೇ ಗಂಭೀರ.

ಇನ್ನೊಂದು ವಿಷಯ, ತುಕ್ಕು. ಪ್ಲೇಟಿನ ಬ್ರಾಕೆಟ್ ಚಾಸಿಗೆ ಸೇರುವ ಜಾಗವನ್ನು ಹಳೇ ಸ್ಕ್ರೂಡ್ರೈವರ್‌ನಿಂದ ಒತ್ತಿ. ಒಳಗೆ ಹೋದರೆ ಮೊದಲು ಲೋಹದ ಕೆಲಸ, ಬುಷ್ ಆಮೇಲೆ. ಮೇಲೆ ದಪ್ಪ ಕಪ್ಪು ಬಣ್ಣ ಬಳಿದಿದ್ದರೆ ನನಗೆ ಇನ್ನೂ ಅನುಮಾನ.

## ಎಲ್ಲ ಸರಿ ಇದೆ, ಈಗ ಇನ್ನೂ ಚೆನ್ನಾಗಿ ಬೇಕು

ಮೊದಲ ದುಡ್ಡು ಟೈರಿಗೆ. ಸರಿಯಾದ ಭಾರದ ಸಂಖ್ಯೆಯ ವ್ಯಾನ್ ಟೈರು ಕೊಡುವಷ್ಟು ಬದಲಾವಣೆಯನ್ನು ಬೇರೆ ಯಾವ ಒಂದು ಭಾಗವೂ ಕೊಡುವುದಿಲ್ಲ. ಎರಡನೆಯದು ಎಲ್ಲ ಬುಷ್. ಪಾಲಿಯುರೆಥೇನ್ (ರಬ್ಬರಿಗಿಂತ ಗಟ್ಟಿಯಾದ ಪ್ಲಾಸ್ಟಿಕ್ ಥರದ್ದು) ಬುಷ್ ಬಾಳಿಕೆ ಬರುತ್ತವೆ, ಸ್ಟೇರಿಂಗ್ ಚುರುಕಾಗುತ್ತದೆ, ಶಬ್ದ ಮತ್ತು ಅದುರು ಮಾತ್ರ ಒಳಗೆ ಜಾಸ್ತಿ ಬರುತ್ತದೆ. ಆ್ಯಂಟಿ ರೋಲ್ ಬಾರಿಗೆ ಅದು ಒಳ್ಳೆಯದು. ಮಿಕ್ಕ ಕಡೆ ನಾನು ರಬ್ಬರಿನ ಪಕ್ಷ.

ರಬ್ಬರ್ ಬುಷ್ ಹಾಕುವಾಗ ಒಂದು ಗುಟ್ಟು: ಬೋಲ್ಟನ್ನು ಕೊನೆಯ ಬಿಗಿ ಮಾಡುವುದು ವ್ಯಾನು ತನ್ನ ಚಕ್ರದ ಮೇಲೆ ನಿಂತ ಮೇಲೆ. ಚಕ್ರ ನೇತಾಡುತ್ತಿರುವಾಗಲೇ ಬಿಗಿದರೆ, ಕೆಳಗಿಳಿಸಿದ ಕ್ಷಣದಿಂದ ರಬ್ಬರ್ ತಿರುಚಿಕೊಂಡೇ ಇರುತ್ತದೆ, ಬೇಗ ಹರಿಯುತ್ತದೆ. ನನ್ನ ಎಡಗಡೆ ಬುಷ್ ಅಷ್ಟು ಬೇಗ ಹೋಗಿದ್ದು ಹೀಗೇ ಇರಬೇಕು ಅಂತ ನನ್ನ ಗುಮಾನಿ.

ಹಿಂದೆ ಆ್ಯಂಟಿ ರೋಲ್ ಬಾರ್ ಸೇರಿಸಿದರೆ ವಾಲಾಟ ಚೆನ್ನಾಗಿ ತಗ್ಗುತ್ತದೆ. ತೀರಾ ದಪ್ಪದ್ದು ಹಾಕಿದರೆ ಒದ್ದೆ ರಸ್ತೆಯಲ್ಲಿ ಬಾಲ ಜಾರುತ್ತದೆ. ಗಾಳಿ ಚೀಲದ ಹೆಲ್ಪರ್ ಸ್ಪ್ರಿಂಗ್ ಯಾವಾಗಲೂ ಲೋಡ್ ಇರುವ ವ್ಯಾನಿಗೆ ಒಳ್ಳೆಯದು. ಅದು ಎತ್ತರ ಹಿಡಿಯುತ್ತದೆ ಅಷ್ಟೇ, ವ್ಯಾನು ಹೊರಬಹುದಾದ ಭಾರ ಒಂದು ಕೆ.ಜಿ.ಯೂ ಏರುವುದಿಲ್ಲ. ಎಡಬಲ ಚೀಲಗಳಿಗೆ ಬೇರೆ ಬೇರೆ ಪೈಪು ಇರಲಿ. ಒಂದೇ ಪೈಪಿನಲ್ಲಿ ಜೋಡಿಸಿದರೆ ತಿರುವಿನಲ್ಲಿ ಒತ್ತಿದ ಬದಿಯ ಗಾಳಿ ಇನ್ನೊಂದು ಬದಿಗೆ ಓಡಿ ವ್ಯಾನು ಇನ್ನಷ್ಟು ವಾಲುತ್ತದೆ. ವ್ಯಾನನ್ನು ತಗ್ಗಿಸುವುದು, ಸ್ಪೇಸರ್ ಹಾಕಿ ಚಕ್ರ ಹೊರಗೆ ತರುವುದು ನನಗೆ ಒಗ್ಗದ ವಿಷಯ. ಒಂದರಲ್ಲಿ ಬಂಪ್ ಸ್ಟಾಪ್ ಬಡಿಯುತ್ತದೆ, ಇನ್ನೊಂದರಲ್ಲಿ ವೀಲ್ ಬೇರಿಂಗಿಗೆ ಹೊರೆ.

ಒಂದು ಸಲಕ್ಕೆ ಒಂದೇ ಭಾಗ ಬದಲಾಯಿಸಿ, ಅದೇ ರಸ್ತೆಯಲ್ಲಿ, ಅದೇ ಲೋಡಿನಲ್ಲಿ ಓಡಿಸಿ ನೋಡಿ. ಮೂರು ಒಟ್ಟಿಗೆ ಹಾಕಿದರೆ ಯಾವುದು ಕೆಲಸ ಮಾಡಿತು ಅಂತ ಗೊತ್ತಾಗುವುದಿಲ್ಲ. ಪ್ಲೇಟು ಬಿಚ್ಚಿದ್ದರೆ ಯು ಬೋಲ್ಟ್ ಹೊಸದೇ ಹಾಕಿ, ಹಳೆಯವು ಒಮ್ಮೆ ಹಿಗ್ಗಿರುತ್ತವೆ. ಕೆಲವು ನೂರು ಕಿ.ಮೀ. ಓಡಿದ ಮೇಲೆ ಟಾರ್ಕ್ ರೆಂಚ್ ಹಿಡಿದು ಯು ಬೋಲ್ಟ್ ಮತ್ತು ಚಕ್ರದ ನಟ್ಟುಗಳನ್ನು ಮತ್ತೊಮ್ಮೆ ನೋಡಿ. ನನ್ನ ವ್ಯಾನಿನಲ್ಲಿ ಎಂಟರಲ್ಲಿ ಮೂರು ನಟ್ಟು ಕಾಲು ಸುತ್ತು ತಿರುಗಿದವು.